ರಾಗಿಯ ಸೀಮೆಯೂ ಗೋಧಿಯ ವ್ಯಾಧಿಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ೨೦೦೭ನೆಯ ಇಸವಿಯಲ್ಲಿ ಒಂದು ಜಿಲ್ಲೆಯೆನಿಸಿದುವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ೨೦೨೫ರಲ್ಲಿ ಸರ್ಕಾರವು ನಿಶ್ಚಯಿಸಿತು. ಈ ಸೀಮೆಯಲ್ಲಿ ಹೆಸರುಗಳು ಬದಲಾಗುವುದು ಹೊಸದಲ್ಲ. ರಾಮನಗರವು ಹಿಂದೆ ಕ್ಲೋಸ್‌ಪೇಟೆಯಾಗಿತ್ತು, ಕನಕಪುರವು ಕಾನಕಾನಹಳ್ಳಿಯಾಗಿತ್ತು. ಬದಲಾಗದೆ ನಿಂತುದು ಇಲ್ಲಿಯ ಬೆದ್ದಲು ಭೂಮಿಯ ಮುಖ್ಯ ಧಾನ್ಯವಾದ ರಾಗಿ. ಇಂತಹ ಸೀಮೆಯಲ್ಲಿ ಗೋಧಿಯಿಂದ ಹುಟ್ಟುವ ವ್ಯಾಧಿಯೊಂದರ ಚರಿತ್ರೆಯನ್ನು ವಿಚಾರಮಾಡುವುದು ಮೇಲುನೋಟಕ್ಕೆ ಅಪ್ರಸ್ತುತವೆಂದು ತೋರಬಹುದು. ಆದರೆ ಪರಿಶೀಲಿಸಿದಲ್ಲಿ, ಆ ವ್ಯಾಧಿಯು ಇಲ್ಲಿ ಬಹುಕಾಲ ಏಕೆ ಕಾಣಲಿಲ್ಲವೆಂಬುದೂ, ಮುಂದೆ ಏಕೆ ಕಾಣಬಹುದೆಂಬುದೂ ರಾಗಿಯ ಚರಿತ್ರೆಯೊಡನೆಯೇ ಹೆಣೆದುಕೊಂಡಿವೆಯೆಂಬುದು ವಿದಿತವಾಗುತ್ತದೆ.

ಈ ವ್ಯಾಧಿಗೆ ಪಾಶ್ಚಾತ್ಯ ವೈದ್ಯರು ಸೀಲಿಯಾಕ್ ರೋಗವೆನ್ನುತ್ತಾರೆ. ಹೋಳಿಗೆಗೆ ಕಲಸಿದ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಕರಗಿಹೋಗಿ ರಬ್ಬರಿನಂತಹ ಅಂಟೊಂದು ಉಳಿಯುತ್ತದೆ, ಇದೇ ಗ್ಲೂಟೆನ್. ಗೋಧಿಯಲ್ಲಿಯೂ, ಯವ ಅಥವಾ ಬಾರ್ಲಿಯಲ್ಲಿಯೂ, ರೈ ಎಂಬ ಧಾನ್ಯದಲ್ಲಿಯೂ ಈ ಜಾತಿಯ ಸಾರವಿದೆ. ಹುಟ್ಟಿನಿಂದಲೇ ಒಂದು ಬಗೆಯ ಅನುವಂಶಿಕ ಗುರುತುಳ್ಳ ಕೆಲವರಲ್ಲಿ ಈ ಅಂಟು ಕರುಳನ್ನು ಮುಟ್ಟಿದೊಡನೆ ದೇಹದ ರಕ್ಷಣಶಕ್ತಿಯೇ ವಿಪರೀತವಾಗಿ ತಿರುಗಿ ಸಣ್ಣಕರುಳಿನ ಒಳಪೊರೆಯನ್ನು ಹಾಳುಮಾಡುತ್ತದೆ. ಆಹಾರಸಾರವನ್ನು ಹೀರತಕ್ಕ ಸೂಕ್ಷ್ಮವಾದ ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳಲ್ಲಿ ಹೊಟ್ಟೆ ಉಬ್ಬಿ, ಕೈಕಾಲು ಬಡವಾಗಿ, ಬೆಳವಣಿಗೆ ನಿಲ್ಲುವುದು. ದೊಡ್ಡವರಲ್ಲಿ ಎಷ್ಟು ಔಷಧ ಕೊಟ್ಟರೂ ನೀಗದ ರಕ್ತಹೀನತೆ, ಮೂಳೆಯ ದೌರ್ಬಲ್ಯ, ದೀರ್ಘಕಾಲದ ಅತಿಸಾರ ಮೊದಲಾದುವು ಕಾಣುವುವು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಇದರ ಸುಳಿವುಂಟೆ ಎಂಬುದು ಸಹಜವಾದ ಪ್ರಶ್ನೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೫ನೆಯ ಅಧ್ಯಾಯದಲ್ಲಿ ಗ್ರಹಣೀದೋಷವು ನಿರೂಪಿತವಾಗಿದೆ. ಅಗ್ನಿಗೆ ಆಶ್ರಯವಾಗಿ, ಪಕ್ವವಾಗದ ಅನ್ನವನ್ನು ಹಿಡಿದಿಟ್ಟು ಪಕ್ವವಾದುದನ್ನು ಮುಂದಕ್ಕೆ ಬಿಡುವ ಸ್ಥಾನವೇ ಗ್ರಹಣಿ. ಅಗ್ನಿಯು ಕೆಟ್ಟರೆ ಅದೂ ಕೆಟ್ಟು ಅನ್ನವನ್ನು ಅಪಕ್ವವಾಗಿಯೇ ಬಿಡುತ್ತದೆಂಬುದು ಅಲ್ಲಿಯ ಅಭಿಪ್ರಾಯ. ರೋಗದ ನೆಲೆಯನ್ನು ಕರುಳಿನ ಮೇಲ್ಭಾಗದಲ್ಲಿ ಗುರುತಿಸಿದುದೂ, ಪಥ್ಯಕ್ಕೆ ಪ್ರಾಧಾನ್ಯವಿತ್ತು ಮಜ್ಜಿಗೆಯನ್ನು ಹೊಗಳಿದುದೂ ಗಮನಾರ್ಹ. ಆದರೆ ಗ್ರಹಣಿಯೂ ಸೀಲಿಯಾಕ್ ರೋಗವೂ ಒಂದೇ ಎನ್ನುವುದು ಸಾಧುವಲ್ಲ. ಗ್ರಹಣಿಯೆಂಬುದು ಹಲವು ವ್ಯಾಧಿಗಳನ್ನು ಒಳಗೊಳ್ಳುವ ವಿಶಾಲವಾದ ಹೆಸರು. ಮೇಲಾಗಿ ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಗೋಧೂಮವು ಮಧುರ, ಶೀತ, ಗುರು, ಸ್ನಿಗ್ಧ, ಬೃಂಹಣ, ಸಂಧಾನಕಾರಿ ಎಂದು ಪ್ರಶಂಸಿತವಾಗಿದೆ. ಗೋಧಿಯು ಗುರುವೆಂದು ಶಾಸ್ತ್ರವು ತಿಳಿದಿತ್ತು. ಕೆಲವರಿಗೆ ಅದು ವಿಷಪ್ರಾಯವೆಂಬ ಮಾತು ಅಲ್ಲಿಲ್ಲ.

ಪಶ್ಚಿಮದಲ್ಲಿಯೂ ಈ ಜ್ಞಾನವು ಬಲು ತಡವಾಗಿ ಬಂದಿತು. ಕ್ರಿಸ್ತಶಕದ ಆರಂಭಶತಮಾನಗಳಲ್ಲಿದ್ದ ಕಪ್ಪದೋಕಿಯದ ಅರೆಟೇಯಸನೆಂಬ ಯವನವೈದ್ಯನು ಹೊಟ್ಟೆಯೆಂಬರ್ಥದ ಗ್ರೀಕ್ ಶಬ್ದದಿಂದ ಇಂತಹ ರೋಗಿಗಳಿಗೆ ಹೆಸರಿಟ್ಟನು. ಇಂದಿನ ಹೆಸರು ಅದರಿಂದಲೇ ಬಂದುದು. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು ೧೮೮೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೋಗಲಕ್ಷಣಗಳನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಸಾರಿದನು. ಆದರೆ ಚೆನ್ನಾಗಿ ಸುಟ್ಟ ತೆಳುವಾದ ರೊಟ್ಟಿಯನ್ನು ಕೊಡಬಹುದೆಂದು ಆತನೇ ಹೇಳಿದನು. ಅಮೆರಿಕದ ಸಿಡ್ನಿ ಹಾಸನು ೧೯೨೪ರಲ್ಲಿ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದನು. ಮಕ್ಕಳು ಚೇತರಿಸಿಕೊಂಡರು, ಕೀರ್ತಿಯೆಲ್ಲ ಬಾಳೆಹಣ್ಣಿಗೆ ಸಂದಿತು, ರೊಟ್ಟಿಯನ್ನು ಬಿಟ್ಟುದೇ ಕಾರಣವೆಂದು ಯಾರಿಗೂ ಹೊಳೆಯಲಿಲ್ಲ.

ನಿಜವನ್ನು ಕಂಡವನು ಹಾಲೆಂಡಿನ ಶಿಶುವೈದ್ಯನಾದ ವಿಲ್ಲೆಮ್ ಕಾರೆಲ್ ಡಿಕ್ಕೆ. ಯುದ್ಧಕ್ಕೆ ಮುಂಚೆಯೇ ಆತನಿಗೆ ಗೋಧಿಯ ಮೇಲೆ ಸಂದೇಹವುಂಟಾಗಿತ್ತು. ೧೯೪೪-೪೫ರ ಚಳಿಗಾಲದಲ್ಲಿ ಆ ದೇಶವು ಘೋರವಾದ ಕ್ಷಾಮಕ್ಕೀಡಾಗಿ ರೊಟ್ಟಿಯೇ ದುರ್ಲಭವಾಯಿತು. ಆ ಕಾಲದ ಅನುಭವವು ಸಂದೇಹವನ್ನು ಬಲಪಡಿಸಿತು. ಗೋಧಿಯನ್ನು ಬಿಡಿಸಿದರೆ ಮಕ್ಕಳು ಬೆಳೆಯುವರೆಂದೂ, ಮತ್ತೆ ಕೊಟ್ಟರೆ ಕೃಶರಾಗುವರೆಂದೂ ಆತನು ೧೯೫೦ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಸ್ಥಾಪಿಸಿದನು. ಕರುಳಿನ ಪೊರೆಯ ವಿಕಾರವನ್ನು ೧೯೫೪ರಲ್ಲಿ ಪಾಲಿ ಎಂಬುವನು ತೋರಿಸಿದನು. ೧೯೯೭ರಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವಕ್ಕೂ ಈ ರೋಗಕ್ಕೂ ಇರುವ ಸಂಬಂಧವು ಗೊತ್ತಾಗಿ, ರಕ್ತಪರೀಕ್ಷೆಯಿಂದಲೇ ರೋಗವನ್ನು ಊಹಿಸುವ ಮಾರ್ಗವು ಸುಗಮವಾಯಿತು.

ಇನ್ನು ಭಾರತದ ಸಂಗತಿ. ೨೦೧೬ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರ, ಈಶಾನ್ಯ, ದಕ್ಷಿಣ ಎಂಬ ಮೂರು ಪ್ರಾಂತಗಳ ೨೩,೦೦೦ಕ್ಕೂ ಮೇಲ್ಪಟ್ಟ ವಯಸ್ಕರ ರಕ್ತವನ್ನು ಪರೀಕ್ಷಿಸಲಾಯಿತು. ದಕ್ಷಿಣದವರು ವೆಲ್ಲೂರು ಸೀಮೆಯವರು. ರೋಗಸೂಚಕ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ ೧.೨೩, ಈಶಾನ್ಯದಲ್ಲಿ ೦.೮೭, ದಕ್ಷಿಣದಲ್ಲಿ ೦.೧೦ ಮಂದಿಯಲ್ಲಿ ಕಂಡುವು. ಇಷ್ಟನ್ನೇ ನೋಡಿದವರು ದಕ್ಷಿಣದವರ ರಕ್ತಕ್ಕೇ ಈ ರೋಗವು ಅಂಟುವುದಿಲ್ಲವೆಂದು ಭ್ರಮಿಸಬಹುದು. ಆದರೆ ರೋಗಕ್ಕೆ ಎಡೆಗೊಡುವ ಡಿ.ಕ್ಯೂ. ೨, ಡಿ.ಕ್ಯೂ. ೮ ಎಂಬ ಅನುವಂಶಿಕ ಗುರುತುಗಳು ಉತ್ತರದಲ್ಲಿ ನೂರಕ್ಕೆ ೩೮.೧, ಈಶಾನ್ಯದಲ್ಲಿ ೩೧.೪, ದಕ್ಷಿಣದಲ್ಲಿ ೩೬.೪ ಮಂದಿಯಲ್ಲಿದ್ದುವು. ಈ ಗುರುತುಳ್ಳವರಿಗೆಲ್ಲ ರೋಗವು ಬರುವುದಿಲ್ಲವೆಂಬುದು ನಿಜ. ಆದರೂ ಬೀಜವು ಎರಡು ಕಡೆಯೂ ಹೆಚ್ಚುಕಡಮೆ ಸಮಾನವಾಗಿದೆ. ಭೇದವಿದ್ದುದು ತಟ್ಟೆಯಲ್ಲಿ: ಒಬ್ಬನು ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ೪೫೫ ಗ್ರಾಂ, ದಕ್ಷಿಣದಲ್ಲಿ ೨೫ ಗ್ರಾಂ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಈಶಾನ್ಯದವರು ತಿನ್ನುವ ಗೋಧಿಯೂ ದಿನಕ್ಕೆ ೩೭ ಗ್ರಾಂ ಮಾತ್ರ. ಆದರೂ ಅಲ್ಲಿ ಪ್ರತಿಕಾಯಗಳ ಪ್ರಮಾಣವು ದಕ್ಷಿಣದ ಎಂಟು ಪಾಲಿಗಿಂತ ಹೆಚ್ಚು. ಆದುದರಿಂದ ಗೋಧಿಯ ತೂಕವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಬೇರೆ ಕಾರಣಗಳೂ ಇರಬೇಕು. ಈ ಆಕ್ಷೇಪವು ಬಲವಾದುದೇ. ಆದರೆ ಇದು ದಕ್ಷಿಣದವರನ್ನು ನಿಶ್ಚಿಂತರನ್ನಾಗಿ ಮಾಡುವುದಿಲ್ಲ, ಪ್ರತಿಯಾಗಿ ಎಚ್ಚರಿಸುತ್ತದೆ. ಹೇಗೆಂದರೆ, ಒಂದೆರಡು ಚಪಾತಿಯಷ್ಟು ಗೋಧಿಯನ್ನುಣ್ಣುವ ಜನದಲ್ಲಿಯೂ ಈ ವ್ಯಾಧಿಯು ನೆಲೆಗೊಳ್ಳಬಲ್ಲುದೆಂದು ಅದರಿಂದಲೇ ಸಿದ್ಧವಾಗುತ್ತದೆ.

ರಾಮನಗರದ ಸೀಮೆಯಲ್ಲಿ ಅಷ್ಟು ಗೋಧಿಯೂ ಹಿಂದೆ ನಿತ್ಯದ ಊಟದಲ್ಲಿರಲಿಲ್ಲ. ಶ್ರೀರಂಗಪಟ್ಟಣವು ಬಿದ್ದ ಮೇಲೆ ೧೮೦೦-೦೧ರಲ್ಲಿ ಮೈಸೂರು ದೇಶವನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಚನ್ನಪಟ್ಟಣ, ರಾಮಗಿರಿ, ಮಾಗಡಿಗಳನ್ನು ಹಾದುಹೋದವನು. ಬೆದ್ದಲು ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ ಸಾಮಾನ್ಯಜನರ ಜೀವನಾಧಾರವೆಂದೂ ಅವನು ಬರೆದಿದ್ದಾನೆ. ಆಫ್ರಿಕಾ ಖಂಡದ ಎತ್ತರದ ನಾಡುಗಳಲ್ಲಿ ಹುಟ್ಟಿ ಅತಿ ಪ್ರಾಚೀನಕಾಲದಲ್ಲಿ ಇಲ್ಲಿಗೆ ಬಂದ ಈ ಧಾನ್ಯವು ಹಗೇವಿನಲ್ಲಿ ವರ್ಷಗಟ್ಟಲೆ ಹುಳುಹಿಡಿಯದೆ ನಿಲ್ಲುವುದರಿಂದ ಕ್ಷಾಮಕಾಲಕ್ಕೆ ಆಸರೆಯಾಯಿತು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ನರೆದಲೆಗನೆಂಬ ಹೆಸರಿನಿಂದ ರಾಗಿಯು ಭತ್ತದೊಡನೆ ವಾದಿಸಿ, ಆರು ತಿಂಗಳ ಸೆರೆಯ ಬಳಿಕವೂ ಕೆಡದೆ ಉಳಿದು ಗೆದ್ದುದು ಈ ಗುಣದಿಂದಲೇ. ಅಲ್ಲಿಯ ಮುಖ್ಯ ವಾದವು ಭತ್ತಕ್ಕೂ ರಾಗಿಗೂ ನಡೆದುದು. ಈ ಎರಡರಲ್ಲಿಯೂ ಗ್ಲೂಟೆನ್ ಇಲ್ಲ. ಗೆದ್ದವನನ್ನುಂಡರೂ ಸೋತವನನ್ನುಂಡರೂ ಗೋಧಿಯ ವ್ಯಾಧಿಗೆ ಎಡೆಯಿರಲಿಲ್ಲ. ಹಾಲೆಂಡಿಗೆ ಒಂದು ಚಳಿಗಾಲದ ಕ್ಷಾಮವು ತೋರಿಸಿಕೊಟ್ಟುದನ್ನು ಈ ನೆಲದ ಮುದ್ದೆಯು ಶತಮಾನಗಳ ಕಾಲ ಸದ್ದಿಲ್ಲದೆ ನಡೆಸಿಕೊಂಡು ಬಂದಿತು.

ಆ ಸ್ಥಿತಿಯು ಈಗಿಲ್ಲ. ಉಪ್ಪಿಟ್ಟಿನ ಬೊಂಬಾಯಿ ರವೆಯು ಹೊರಗಿನಿಂದ ಬಂದುದೆಂಬುದನ್ನು ಅದರ ಹೆಸರೇ ಸಾರುತ್ತದೆ. ೧೯೫೬ರಲ್ಲಿ ಅಮೆರಿಕದೊಡನೆ ಆದ ಒಪ್ಪಂದದಿಂದ ಪರದೇಶದ ಗೋಧಿ ದೇಶಕ್ಕೆ ಹರಿದುಬಂದಿತು. ಹಸುರು ಕ್ರಾಂತಿಯ ಬಳಿಕ ಸ್ವದೇಶದ ಗೋಧಿಯೂ ಹೇರಳವಾಯಿತು. ಇಂದು ಬೇಕರಿಯ ಬನ್ನು, ಪರೋಟ, ಹೆದ್ದಾರಿಯುದ್ದಕ್ಕೂ ಮಾರುವ ರವೆ ಮೈದಾಗಳ ಮದ್ದೂರು ವಡೆ, ಮಧುಮೇಹಿಗಳು ಅನ್ನವನ್ನು ಬಿಟ್ಟು ಹಿಡಿದ ಚಪಾತಿ, ಇವೆಲ್ಲವೂ ನಾಲ್ಕು ತಾಲ್ಲೂಕುಗಳಲ್ಲಿ ನಿತ್ಯದ ಮಾತು.

ಇಂತಿರಲು ಅಪಾಯವು ರೋಗಕ್ಕಿಂತ ರೋಗದ ಅಜ್ಞಾನದಲ್ಲಿದೆ. ಇಲ್ಲಿ ಈ ವ್ಯಾಧಿಯಿಲ್ಲವೆಂಬ ನಂಬಿಕೆಯಿಂದ ಅದನ್ನು ಯಾರೂ ಹುಡುಕುವುದಿಲ್ಲ. ಹುಡುಕದುದರಿಂದ ಅದು ಕಾಣುವುದಿಲ್ಲ. ಬೆಳೆಯದ ಮಗುವಿಗೆ ಜಂತುಹುಳುವಿನ ಔಷಧ, ಬಿಳಿಚಿಕೊಂಡ ಹೆಂಗಸಿಗೆ ಕಬ್ಬಿಣದ ಗುಳಿಗೆ. ಇಷ್ಟರಲ್ಲೇ ವರ್ಷಗಳು ಕಳೆಯುತ್ತವೆ. ಸಂದೇಹ ಬಂದಲ್ಲಿ ಮೊದಲು ರಕ್ತಪರೀಕ್ಷೆಯನ್ನೂ, ಬಳಿಕ ವೈದ್ಯರು ಹೇಳಿದರೆ ದರ್ಶಕನಳಿಕೆಯಿಂದ ತೆಗೆದ ಕರುಳಿನ ತುಣುಕಿನ ಪರೀಕ್ಷೆಯನ್ನೂ ಮಾಡಿಸತಕ್ಕುದು. ಪರೀಕ್ಷೆಯು ಮುಗಿಯುವವರೆಗೆ ಗೋಧಿಯನ್ನು ಬಿಡಕೂಡದು. ಮುಂಚೆಯೇ ಬಿಟ್ಟರೆ ಕುರುಹುಗಳು ಅಳಿಸಿಹೋಗಿ ನಿರ್ಣಯವು ತಪ್ಪುತ್ತದೆ.

ನಿರ್ಣಯವಾದ ಮೇಲೆ ಚಿಕಿತ್ಸೆಯು ಒಂದೇ: ಯಾವಜ್ಜೀವವೂ ಗೋಧಿ, ಬಾರ್ಲಿ, ರೈಗಳ ವರ್ಜನೆ. ಉತ್ತರ ಕರ್ನಾಟಕದ ಜವೆಗೋಧಿಯೂ ಗೋಧಿಯೇ. ಹಳೆಯ ತಳಿಯೆಂಬ ಗೌರವದಿಂದ ಅದಕ್ಕೆ ವಿನಾಯಿತಿಯಿಲ್ಲ. ಉತ್ತರದೇಶದ ರೋಗಿಗೆ ಈ ಪಥ್ಯವು ಹುಟ್ಟಿದಂದಿನಿಂದ ಉಂಡ ರೊಟ್ಟಿಯ ತ್ಯಾಗ. ಈ ಸೀಮೆಯವನಿಗೆ ಅಜ್ಜಿಯ ಅಡುಗೆಮನೆಗೆ ಮರಳುವಿಕೆ. ಮುದ್ದೆ, ಅಂಬಲಿ, ಅಕ್ಕಿರೊಟ್ಟಿ, ಅವರೆಕಾಳಿನ ಸಾರು, ಇವೆಲ್ಲವೂ ಪಥ್ಯವೇ. ಮೂಳೆ ಸವೆದ ರೋಗಿಗೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿರುವುದೂ ಸಣ್ಣ ಲಾಭವಲ್ಲ. ಆದರೆ ಹಳೆಯ ಧಾನ್ಯವನ್ನು ಹೊಸ ಕಾಲದ ಬೆರಕೆಯಿಂದ ಕಾಪಾಡಬೇಕು. ನಿರ್ಗ್ಲೂಟೆನ್ ಎನಿಸುವ ಆಹಾರದಲ್ಲಿ ಒಂದು ಕಿಲೋಗ್ರಾಮಿಗೆ ೨೦ ಮಿಲಿಗ್ರಾಂ ಗ್ಲೂಟೆನ್ ಮೀರಬಾರದೆಂಬುದು ನಿಯಮ. ಗೋಧಿಯನ್ನು ಬೀಸಿದ ಮಿಲ್ಲಿನಲ್ಲಿಯೇ ರಾಗಿಯನ್ನು ಹಾಕಿಸಿದರೆ ಈ ಮಿತಿಯು ಸುಲಭವಾಗಿ ಮೀರುತ್ತದೆ. ಅಂಗಡಿಯ ಇಂಗಿನಲ್ಲಿ ಅನೇಕವೇಳೆ ಮೈದಾ ಬೆರೆತಿರುವುದು. ರಾಗಿ ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ ರಾಗಿಗಿಂತ ಮೈದಾವೇ ಹೆಚ್ಚು. ಮಾಲ್ಟಿನ ಪುಡಿಗಳಲ್ಲಿ ಬಾರ್ಲಿಯುಂಟು.

ಹಿಂದೆ ಮನೆಮನೆಯ ಬೀಸುವ ಕಲ್ಲಿನಲ್ಲಿ ಮನೆಯ ರಾಗಿಯೇ ಬೀಳುತ್ತಿತ್ತು. ಯಾರೂ ಪಥ್ಯವೆಂದು ಹೇಳದೆಯೇ ಪಥ್ಯವು ನಡೆಯುತ್ತಿತ್ತು. ಅರಿಯದೆ ಅನುಭವಿಸಿದ ಆ ರಕ್ಷಣೆಯನ್ನು ಇನ್ನು ಮೇಲೆ ಅರಿತೇ ಪಡೆಯಬೇಕಾಗಿದೆ. ಊರಿನ ಮಿಲ್ಲಿನಲ್ಲಿ ರಾಗಿಗೊಂದು ಪ್ರತ್ಯೇಕ ಕಲ್ಲು, ತಾಲ್ಲೂಕು ಆಸ್ಪತ್ರೆಯಲ್ಲಿ ನೀಗದ ರಕ್ತಹೀನತೆಯುಳ್ಳವರಿಗೊಂದು ರಕ್ತಪರೀಕ್ಷೆ, ಇವೆರಡು ಏರ್ಪಾಡಾದಲ್ಲಿ ರಾಗಿಯ ಸೀಮೆಯು ತನ್ನ ರೋಗಿಗಳನ್ನು ಗುರುತಿಸಬಲ್ಲುದು, ತನ್ನ ಧಾನ್ಯದಿಂದಲೇ ಅವರನ್ನು ಪೋಷಿಸಬಲ್ಲುದು.