ಪೊಳಲಿ ರಾಜರಾಜೇಶ್ವರಿ ಕ್ಷೇತ್ರ: ದೇವಾಲಯ ಮತ್ತು ಜಾತ್ರೆಯ ಇತಿಹಾಸ

ಪೊಳಲಿ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಕರಿಯಂಗಳ ಗ್ರಾಮದಲ್ಲಿ, ಫಲ್ಗುಣಿ ನದಿಯ ಬದಿಯಲ್ಲಿರುವ ದೇವಿಕ್ಷೇತ್ರ. ಮುಖ್ಯ ದೇವತೆ ರಾಜರಾಜೇಶ್ವರಿ. ಸುಬ್ರಹ್ಮಣ್ಯ, ಭದ್ರಕಾಳಿ, ಗಣಪತಿ, ಸರಸ್ವತಿಯರಿಗೂ ಪೂಜೆ ಸಲ್ಲುತ್ತದೆ. ಸುತ್ತಿನ ಊರುಗಳ ಭಕ್ತರಿಗೆ ರಾಜರಾಜೇಶ್ವರಿ ಸಾವಿರ ಸೀಮೆಯ ಒಡತಿ.

ಸುರಥ ರಾಜನು 8ನೇ ಶತಮಾನದಲ್ಲಿ ಈ ಗುಡಿಯನ್ನು ಕಟ್ಟಿಸಿದನೆಂಬ ಮಾತು ಹಲವು ಬರಹಗಳಲ್ಲಿ ಪುನರಾವರ್ತನೆಯಾಗಿದೆ. ಇಲ್ಲಿ ಎರಡು ಬೇರೆ ಎಳೆಗಳು ಬೆಸೆದುಕೊಂಡಿವೆ. ಸುರಥ ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯದ ಪಾತ್ರ. ರಾಜ್ಯ ಕಳೆದುಕೊಂಡು ಕಾಡು ಸೇರಿದ ಅವನು ಸಮಾಧಿಯೆಂಬ ವೈಶ್ಯನೊಡನೆ ನದಿಯ ದಡದಲ್ಲಿ ದೇವಿಯ ಮಣ್ಣಿನ ಮೂರ್ತಿ ಮಾಡಿ ಮೂರು ವರ್ಷ ಆರಾಧಿಸಿದನೆಂದು ಪುರಾಣ ಹೇಳುತ್ತದೆ. ಊರಿನ ಹೆಸರನ್ನು ಹೇಳುವುದಿಲ್ಲ. ಪೊಳಲಿಯ ಮೂಲಮೂರ್ತಿಯೂ ಮಣ್ಣಿನದು, ಕ್ಷೇತ್ರವಿರುವುದೂ ಹೊಳೆಯ ಬದಿಯಲ್ಲಿ. ಕಥೆ ಇಲ್ಲಿ ನೆಲೆಯೂರಲು ಇದೇ ಕಾರಣವಾಗಿರಬಹುದು. 8ನೇ ಶತಮಾನವೆಂಬ ಕಾಲ ಪುರಾಣದಿಂದ ಬಂದದ್ದಲ್ಲ. ಪೊಳಲಿ–ಅಮ್ಮುಂಜೆ ಪರಿಸರದ ಆಳುಪ ಅರಸರ ಕಾಲದ ಕನ್ನಡ ಶಾಸನ ಆ ಶತಮಾನದ್ದು. ಅದು ಊರಿನ ಹಳಮೆಗೆ ಗಟ್ಟಿ ಆಧಾರ, ಈಗಿನ ಕಟ್ಟಡದ ಕಾಲಕ್ಕಲ್ಲ. ಅಶೋಕನ ಶಾಸನಗಳಲ್ಲಿ ಪೊಳಲಿಯ ಉಲ್ಲೇಖವಿದೆ ಎಂಬ ಪ್ರಚಲಿತ ಹೇಳಿಕೆಯನ್ನು ಒಪ್ಪಲಾಗದು.

ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನ ವರ್ಣನೆ ಇನ್ನೊಂದು ತೊಡಕು. 1443ರಲ್ಲಿ ಮಂಗಳೂರಿನಿಂದ ವಿಜಯನಗರಕ್ಕೆ ಹೊರಟ ಅವನು ದಾರಿಯಲ್ಲಿ ಎರಕದ ಲೋಹದ ಗುಡಿಯನ್ನೂ ಕೆಂಪು ಕಲ್ಲಿನ ಕಣ್ಣುಗಳ, ಆಳೆತ್ತರದ ಚಿನ್ನದ ವಿಗ್ರಹವನ್ನೂ ಕಂಡೆನೆಂದು ಬರೆದ. ಇದು ಪೊಳಲಿಯೆಂದು ಕೆಲವರು, ಕದ್ರಿಯೆಂದು ಕೆಲವರು ಗುರುತಿಸಿದ್ದಾರೆ. ಅವನು ಹೇಳುವ ದೂರದ ಲೆಕ್ಕ ಪೊಳಲಿಗೆ ಹತ್ತಿರವಾದರೂ ಚಿನ್ನದ ವಿಗ್ರಹ ಮಣ್ಣಿನ ಮೂರ್ತಿಗೆ ಹೊಂದುವುದಿಲ್ಲ. ಆದ್ದರಿಂದ ಈ ಗುರುತನ್ನು ಊಹೆಯೆಂದೇ ಇಡುವುದು ಸರಿ.

ಮುಂದೆ ಪುತ್ತಿಗೆ ಮತ್ತು ಮೂಡುಬಿದಿರೆಯಿಂದ ಆಳಿದ ಜೈನ ಚೌಟರು ಕ್ಷೇತ್ರಕ್ಕೆ ಆಶ್ರಯವಿತ್ತರು. ಕೆಳದಿಯ ರಾಣಿ ಚೆನ್ನಮ್ಮಾಜಿ ರಥ ಅರ್ಪಿಸಿದಳೆಂಬುದು ಕ್ಷೇತ್ರದ ಪರಂಪರೆಯ ಮಾತು.

ಚೌಟರ ಸಂಬಂಧ ಇಂದಿಗೂ ಉಳಿದಿರುವುದು ಜಾತ್ರೆಯಲ್ಲಿ. ಕಟ್ಟಡದ ಕಾಲಕ್ಕಿಂತ ಹೆಚ್ಚು ಗಮನ ಇದಕ್ಕೆ ಸಲ್ಲಬೇಕು. ಮೀನ ಸಂಕ್ರಮಣದ ಹೊತ್ತಿಗೆ ಕೊಡಿ ಏರುತ್ತದೆ. ಸುಮಾರು ಒಂದು ತಿಂಗಳು ನಡೆಯುವ ಜಾತ್ರೆಯ ದಿನಗಳ ಸಂಖ್ಯೆ ಪ್ರತಿವರ್ಷ ಒಂದೇ ಇರುವುದಿಲ್ಲ. ಪುತ್ತಿಗೆಯ ಜೋಯಿಸರು ನಿಶ್ಚಯಿಸಿದ ಮೇಲೆ ಅದನ್ನು ಸಾರುತ್ತಾರೆ. ಕೊನೆಯ ಭಾಗದಲ್ಲಿ ಐದು ದಿನ ‘ಪೊಳಲಿ ಚೆಂಡು’ ಎಂಬ ಚೆಂಡಾಟ. ಚರ್ಮದ ಚೆಂಡನ್ನು ಹೊಲಿಯುವುದು ಮಿಜಾರಿನ ಚಮ್ಮಾರ ಮನೆತನ, ವೆಚ್ಚ ಭರಿಸುವುದು ಮೂಡುಬಿದಿರೆಯ ಗಾಣದ ಶೆಟ್ಟಿ ಮನೆತನ. ಚೌಟರ ಆಳ್ವಿಕೆ ಮುಗಿದರೂ ಗಾಣ ಮತ್ತು ಚರ್ಮದ ಕಸುಬಿನ ಮನೆಗಳು ಹೊತ್ತ ಈ ಬಾಧ್ಯತೆ ಮುಂದುವರಿದಿದೆ. ಆಟ, ಆರಾಟ, ರಥೋತ್ಸವ ನೋಡಿ ಮರಳುವ ಯಾತ್ರಿಕರು ದೇವಿಯ ಪ್ರಸಾದವೆಂದೇ ಭಾವಿಸಿ ಕಲ್ಲಂಗಡಿ ಹಣ್ಣು ಕೊಂಡೊಯ್ಯುತ್ತಾರೆ.

ಪೊಳಲಿಯಲ್ಲಿ ದೇವಿಯೇ ಮುಖ್ಯ ದೇವತೆಯಾದರೆ, ನೆರೆಯ ಕ್ಷೇತ್ರಗಳಲ್ಲಿ ದೇವಿಯ ಸ್ಥಾನ ಬೇರೆ ಬಗೆಯದು. ಬಂಟ್ವಾಳ ತಾಲ್ಲೂಕಿನ ಕಾರಿಂಜ ಬೆಟ್ಟದಲ್ಲಿ ಶಿವನ ಗುಡಿ ತುದಿಯಲ್ಲಿದ್ದರೆ ಪಾರ್ವತಿಯದು ಕೆಳಗಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಮಂಜುನಾಥನ ಜೊತೆ ಅಮ್ಮನವರಿದ್ದಾರೆ; ಅಲ್ಲಿನ ನಾಲ್ಕು ಧರ್ಮದೈವಗಳಲ್ಲಿ ಕಳರ್ಕಾಯಿ, ಕನ್ಯಾಕುಮಾರಿಯರೂ ಸೇರಿದ್ದಾರೆ.

ಪೊಳಲಿಯ ಮಣ್ಣಿನ ಮೂರ್ತಿಗೆ 12 ವರ್ಷಗಳಿಗೊಮ್ಮೆ ಲೇಪಾಷ್ಟಗಂಧವೆಂಬ ಲೇಪನ ಮಾಡುವ ಪದ್ಧತಿಯಿದೆ. ಜೀರ್ಣೋದ್ಧಾರದ ಬಳಿಕ 2019ರ ಮಾರ್ಚ್‌ನಲ್ಲಿ ಬ್ರಹ್ಮಕಲಶೋತ್ಸವ ನಡೆಯಿತು.