ಹ್ಯಾಲೋವೀನ್: ಒಂದು ಸಂಜೆಯ ಚರಿತ್ರೆ

ಹ್ಯಾಲೋವೀನ್ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಹಲ್ಲು ಕಿರಿದ ಕುಂಬಳಕಾಯಿ, ಕರಿಯ ನಿಲುವಂಗಿ ತೊಟ್ಟ ಮಕ್ಕಳು, ಮಿಠಾಯಿಯ ಚೀಲ. ಈಚೆಗೆ ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿಯೂ ಇವು ಕಾಣಿಸಿಕೊಳ್ಳುತ್ತಿವೆ. ಆದರೆ ಆ ಶಬ್ದದಲ್ಲಿ ಭೂತವೂ ಇಲ್ಲ, ಪ್ರೇತವೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಪುಣ್ಯಪುರುಷ, ಸಂತ. ‘ಈನ್’ ಎಂಬುದು ಸಂಜೆ ಎಂಬರ್ಥದ ‘ಈವನ್’ ಪದದ ಸವೆದ ರೂಪ. ನವೆಂಬರ್ 1 ಸಕಲ ಸಂತರ ಹಬ್ಬ; ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಮಿಠಾಯಿ ತಿಂದು ಮಲಗಿ ಏಳುವಷ್ಟರಲ್ಲಿ ನಮ್ಮ ರಾಜ್ಯೋತ್ಸವ ಬಂದಿರುತ್ತದೆ ಎಂಬುದು ಕ್ಯಾಲೆಂಡರಿನ ವಿನೋದ, ಅಷ್ಟೆ.

ಈ ಹಬ್ಬದ ಮೂಲವನ್ನು ಕುರಿತು ಎಲ್ಲೆಡೆ ಪ್ರಚಾರದಲ್ಲಿರುವ ಕಥೆಯೊಂದಿದೆ. ಎರಡು ಸಾವಿರ ವರ್ಷಗಳ ಹಿಂದೆ ಕೆಲ್ಟರು ‘ಸೌವಿನ್’ ಎಂಬ ಹೊಸವರ್ಷದ ಹಬ್ಬವನ್ನು ಆಚರಿಸುತ್ತಿದ್ದರು. ಅಂದು ಸತ್ತವರು ಮರಳಿ ಬರುತ್ತಿದ್ದರು. ಅದನ್ನು ಅಳಿಸಲಾರದೆ ಪೋಪ್ ಗುರುಗಳು ಅದರ ಮೇಲೆ ಸಂತರ ಹಬ್ಬವನ್ನು ಹೊದಿಸಿದರು ಎಂದು. ಕಥೆ ಅಂದವಾಗಿದೆ, ಆಧಾರ ಮಾತ್ರ ತೆಳು. ಸೌವಿನ್ ಇದ್ದದ್ದು ನಿಜ. ಬೇಸಗೆ ಮುಗಿದು, ಗುಡ್ಡದ ಹುಲ್ಲುಗಾವಲಿನಿಂದ ದನಗಳು ಕೆಳಗಿಳಿದು, ಚಳಿಗಾಲ ಕಾಲಿಡುವ ಸಂಧಿಕಾಲ ಅದು. ಆದರೆ ಕೆಲ್ಟರ ಪುರೋಹಿತರು ಅದರ ಬಗ್ಗೆ ಒಂದಕ್ಷರವನ್ನೂ ಬರೆದಿಟ್ಟಿಲ್ಲ. ಅದು ಹೊಸವರ್ಷದ ಹಬ್ಬವೆಂಬ ಊಹೆಗೆ ಬಲ ಬಂದದ್ದು ಆಕ್ಸ್‌ಫರ್ಡಿನ ಜಾನ್ ರೀಸ್ 1886ರಲ್ಲಿ ಮಾಡಿದ ಉಪನ್ಯಾಸಗಳಿಂದ. ಅದಕ್ಕೆ ರೆಕ್ಕೆ ಕಟ್ಟಿದವರು ಜೇಮ್ಸ್ ಫ್ರೇಜರ್.

ದಿನಾಂಕದ ವಿಚಾರವನ್ನೇ ನೋಡಿ. ಏಳನೆಯ ಶತಮಾನದ ಆರಂಭದಲ್ಲಿ ರೋಮಿನ ಪ್ಯಾಂಥಿಯನ್ ಮಂದಿರವನ್ನು ಹುತಾತ್ಮರೆಲ್ಲರಿಗೆ ಅರ್ಪಿಸಿದ್ದು ಮೇ 13ರಂದು. 800ರ ಸುಮಾರಿಗೆ ಇಂಗ್ಲೆಂಡ್ ಮತ್ತು ಜರ್ಮನ್ ನಾಡುಗಳ ಚರ್ಚುಗಳಲ್ಲಿ ಸಕಲ ಸಂತರ ಹಬ್ಬ ನವೆಂಬರ್ 1ಕ್ಕೆ ಬಂದಿತ್ತು. 835ರಲ್ಲಿ ಫ್ರಾಂಕರ ಚಕ್ರವರ್ತಿ ಲೂಯಿ ಅದನ್ನು ತನ್ನ ರಾಜ್ಯಕ್ಕೆಲ್ಲ ವಿಧಿಸಿದ. ಸೌವಿನ್ ಹಬ್ಬದ ತವರಾದ ಐರ್ಲೆಂಡಿನ ಚರ್ಚಾದರೋ ಅದೇ ಕಾಲದಲ್ಲಿ ಸಂತರೆಲ್ಲರನ್ನು ಏಪ್ರಿಲ್ 20ರಂದು ಸ್ಮರಿಸುತ್ತಿತ್ತು! ಮುಚ್ಚಬೇಕಾದ ಹಬ್ಬವಿದ್ದ ನಾಡಿನಲ್ಲೇ ಹೊದಿಕೆ ಇರಲಿಲ್ಲ.

ಹಾಗಾದರೆ ಆ ರಾತ್ರಿಯ ಭಯ ಬರಿಯ ಕಟ್ಟುಕಥೆಯೇ? ಅಲ್ಲ. ಮಧ್ಯಯುಗದ ಐರಿಷ್ ಗದ್ಯದಲ್ಲಿ ನೇರಾ ಎಂಬ ವೀರನ ಸಾಹಸದ ಕಥೆಯಿದೆ. ಸೌವಿನ್ ರಾತ್ರಿ ಕ್ರುವಾಹನ್ ಕೋಟೆಯಲ್ಲಿ ಒಲೆಯ ಮೇಲೆ ಅಡಿಗೆ ಬೇಯುತ್ತಿದೆ. ಹಿಂದಿನ ದಿನ ಗಲ್ಲಿಗೇರಿಸಿದ ಸೆರೆಯಾಳಿನ ಕಾಲಿಗೆ ಬಳ್ಳಿ ಕಟ್ಟಿ ಬಂದವನಿಗೆ ಬಹುಮಾನವೆಂದು ರಾಜ ಸಾರುತ್ತಾನೆ. ಹೊರಡುವವನು ನೇರಾ. ಹೆಣ ಮಾತಾಡುತ್ತದೆ: ಬಾಯಾರಿದೆ, ಹೊತ್ತುಕೊಂಡು ಹೋಗಿ ನೀರು ಕುಡಿಸು ಎನ್ನುತ್ತದೆ. ನಮ್ಮ ಬೇತಾಳ ನೆನಪಾಗುವುದು ಸಹಜ. ಆದರೂ ಸಂಬಂಧ ಕಟ್ಟುವ ಅವಸರ ಬೇಡ. ಮೊದಲ ಮನೆಯ ಸುತ್ತ ಬೆಂಕಿ. ಅಲ್ಲಿ ರಾತ್ರಿ ಒಲೆಯ ಕೆಂಡವನ್ನು ಸರಿಯಾಗಿ ಮುಚ್ಚಿದ್ದಾರೆ. ಎರಡನೆಯದರ ಸುತ್ತ ನೀರು. ಅಲ್ಲಿ ತೊಳೆದ ನೀರನ್ನು ಮಲಗುವ ಮುನ್ನ ಹೊರಚೆಲ್ಲಿದ್ದಾರೆ. ಮೂರನೆಯ ಮನೆಯಲ್ಲಿ ಮುಸುರೆ ನೀರು ಹಾಗೆಯೇ ಉಳಿದಿದೆ. ಹೆಣ ಅದನ್ನು ಕುಡಿದು, ಕೊನೆಯ ಗುಟುಕನ್ನು ಮನೆಯವರ ಮೇಲೆ ಉಗುಳುತ್ತದೆ, ಅವರೆಲ್ಲ ಸಾಯುತ್ತಾರೆ. ಅಡಿಗೆಮನೆ ತೊಳೆಯದೆ ಮಲಗಬಾರದೆಂದು ಗದರುತ್ತಿದ್ದ ನನ್ನ ಅಜ್ಜಿಗೆ ಈ ಕಥೆ ಒಪ್ಪಿಗೆಯಾಗುತ್ತಿತ್ತು.

ಆಮೇಲೆ ನೇರಾ ಬೆಟ್ಟದೊಳಗಿನ ಅಮಾನುಷ ಲೋಕವನ್ನು ಹೊಕ್ಕು ಅಲ್ಲಿ ಸಂಸಾರ ಹೂಡುತ್ತಾನೆ. ಮರಳಿದಾಗ ಕೋಟೆಯ ಅಡಿಗೆ ಇನ್ನೂ ಒಲೆಯ ಮೇಲೆಯೇ ಇದೆ. ಹೋಗಿ ಬಂದುದಕ್ಕೆ ಸಾಕ್ಷಿಯಾಗಿ ಅವನು ತರುವುದು ಕಾಡು ಬೆಳ್ಳುಳ್ಳಿ, ಪ್ರಿಮ್‌ರೋಸ್ ಹೂ, ಹೊಂಬಣ್ಣದ ಜರೀಗಿಡ. ಹೊರಗೆ ಚಳಿಗಾಲ, ಬೆಟ್ಟದೊಳಗೆ ಬೇಸಗೆ! ಇದನ್ನು ಬರೆದುಳಿಸಿದವರು ಕ್ರೈಸ್ತ ಸಂನ್ಯಾಸಿಗಳೆಂಬುದನ್ನು ಮರೆಯಬಾರದು.

ಹಬ್ಬದ ಜೀವಾಳವೆಂದು ನನಗೆ ತೋರುವುದು ಮಾತ್ರ ಇನ್ನೊಂದು. ಹತ್ತು-ಹನ್ನೊಂದನೆಯ ಶತಮಾನಗಳ ಸಂಧಿಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ನವೆಂಬರ್ 2ನ್ನು ಮೃತರೆಲ್ಲರ ಪ್ರಾರ್ಥನೆಗೆ ಮೀಸಲಿಟ್ಟ. ಸ್ವರ್ಗ ಸೇರುವ ಮೊದಲು ಪಾಪ ಕಳೆದುಕೊಳ್ಳುತ್ತಿರುವ ಆತ್ಮಗಳಿಗೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆಂಬುದು ನಂಬಿಕೆ. ಹೀಗಾಗಿ ಇಂಗ್ಲೆಂಡಿನ ಬಡವರು ಮನೆ ಮನೆಯ ಬಾಗಿಲಿಗೆ ಹೋಗಿ, ‘ಆತ್ಮದ ರೊಟ್ಟಿ’ಯನ್ನು ಪಡೆದು, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದರು. ಬಡವನ ಪ್ರಾರ್ಥನೆಗೆ ಬೆಲೆಯಿತ್ತು, ಬೇಡುವವನೂ ಕೊಡುವವನಾಗಿದ್ದ. ಹದಿನಾರನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ಈ ನಂಬಿಕೆಯನ್ನೇ ತಳ್ಳಿಹಾಕಿದರು. ಅಂದಿನ ಗಂಟಾನಾದಕ್ಕೂ ನಿಷೇಧ ಬಂತು. ಪ್ರಾರ್ಥನೆ ಹೋಯಿತು, ಬೇಡುವುದು ಉಳಿಯಿತು. ಷೇಕ್ಸ್‌ಪಿಯರನ ‘ವೆರೋನಾದ ಇಬ್ಬರು ಮಹನೀಯರು’ ನಾಟಕದಲ್ಲಿ ಈ ಹಬ್ಬದ ಭಿಕ್ಷುಕನ ಅಳುದನಿ ಒಂದು ಗೇಲಿಯ ಉಪಮೆಯಾಗಿ ಬರುವಷ್ಟರ ಮಟ್ಟಿಗೆ ಆ ವಿನಿಮಯ ಬಡವಾಗಿತ್ತು. 1605ರ ಮದ್ದಿನ ಪಿತೂರಿಯ ನಂತರ ಇಂಗ್ಲೆಂಡಿನ ದೀವಟಿಗೆಗಳು ನವೆಂಬರ್ 5ಕ್ಕೆ ಸರಿದವು. ಸ್ಕಾಟ್ಲೆಂಡ್, ಐರ್ಲೆಂಡುಗಳು ಹಳೆಯ ರಾತ್ರಿಯನ್ನು ಬಿಡಲಿಲ್ಲ.

ಮುಂದಿನದು ಬಲ್ಲ ಸಂಗತಿ. 1845ರಲ್ಲಿ ಮೊದಲಾದ ಆಲೂಗಡ್ಡೆಯ ಬರಗಾಲ ಲಕ್ಷಾಂತರ ಐರಿಷರನ್ನು ಅಮೆರಿಕಕ್ಕೆ ಅಟ್ಟಿತು. ಅಲ್ಲಿ ಟರ್ನಿಪ್ ಗೆಡ್ಡೆಯ ದೀಪದ ಸ್ಥಾನಕ್ಕೆ ಕುಂಬಳಕಾಯಿ ಬಂತು. ಮಿಠಾಯಿ ಕೊಡಿ, ಇಲ್ಲವಾದರೆ ಕಾಟ ಕೊಡುತ್ತೇವೆ ಎಂಬ ಮಕ್ಕಳ ಬೆದರಿಕೆ ಉತ್ತರ ಅಮೆರಿಕದಲ್ಲಿ ರೂಢಿಯಾದದ್ದು ಕಳೆದ ಶತಮಾನದಲ್ಲಿ. ಪ್ರಾರ್ಥನೆಯಿದ್ದ ಕಡೆ ಬೆದರಿಕೆ ಕುಳಿತಿದೆ, ಆಟದ್ದೇ ಇರಬಹುದು.

ಹೇಗೆ ಆಚರಿಸಬೇಕೆಂದು ಕೇಳುವವರಿದ್ದಾರೆ. ಅಂಗಡಿಯ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಬಿಟ್ಟುಬಿಡಿ. ಐರಿಷರಂತೆ ಒಣಹಣ್ಣಿನ ರೊಟ್ಟಿಯೊಳಗೆ ಉಂಗುರವಿಟ್ಟು ಬೇಯಿಸಿ. ಅದು ಯಾರ ಪಾಲಿಗೆ ಬರುವುದೋ ಅವರಿಗೆ ಮದುವೆ ಎಂದು ನಗಿ. ನೀರಿನ ತೊಟ್ಟಿಯಲ್ಲಿ ತೇಲುವ ಸೇಬನ್ನು ಕೈಮುಟ್ಟದೆ ಕಚ್ಚುವ ಆಟವಾಡಿ. ದೀಪವಾರಿಸಿ ನೇರಾನ ಕಥೆ ಹೇಳಿ. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಯುದ್ಧದಿಂದ ನೊಂದ ಮಕ್ಕಳಿಗಾಗಿ ಹಾಲಿನ ಖಾಲಿ ಡಬ್ಬಿಗಳಲ್ಲಿ ಕಾಸು ಕೂಡಿಸಿ ಯುನಿಸೆಫ್‌ಗೆ ಕೊಟ್ಟರು. ಬಾಗಿಲಿಗೆ ಬಂದವನು ಇನ್ನೊಬ್ಬರಿಗಾಗಿ ಬೇಡುವ ಹಳೆಯ ಪದ್ಧತಿಗೆ ಇದಕ್ಕಿಂತ ಹತ್ತಿರದ್ದನ್ನು ನಾನು ಕಾಣೆ. ಈ ಹಬ್ಬದ ಮೂರನೆಯ ದಿನ ನಮಗೇನೂ ಹೊಸದಲ್ಲ. ನವೆಂಬರ್ 2ರಂದು ಮಂಗಳೂರಿನ ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ.

ದೀಪ ಕೆತ್ತುವ ಉತ್ಸಾಹಿಗಳಿಗೆ ಒಂದು ಮಾತು: ಒಮ್ಮೆ ಟರ್ನಿಪ್ ಗೆಡ್ಡೆಯಲ್ಲೇ ಪ್ರಯತ್ನಿಸಿ. ಕುಂಬಳದಷ್ಟು ಸುಲಭವಲ್ಲ, ಚಮಚದಿಂದ ಬಹಳ ಹೊತ್ತು ಕೆರೆಯಬೇಕು. ಐರ್ಲೆಂಡಿನ ಮೇಯೋ ಪ್ರಾಂತ್ಯದ ಜನಪದ ವಸ್ತುಸಂಗ್ರಹಾಲಯದಲ್ಲಿ ಅಂಥ ಹಳೆಯ ದೀಪವೊಂದರ ಅಚ್ಚು ಇದೆ. ಮುದುಡಿದ ಮುಖ, ಗುಳಿಬಿದ್ದ ಕಣ್ಣು, ಬಾಯಲ್ಲಿ ನಾಲ್ಕಾರು ಹಲ್ಲು. ಅದರ ಮುಂದೆ ಅಮೆರಿಕದ ಕುಂಬಳಕಾಯಿ ಹಸುಗೂಸಿನಂತೆ ಕಾಣುತ್ತದೆ.