ಪರಮಾಣುಬೀಜದ ಮರೆ

1925ರಲ್ಲಿ ಹಾಲೆಂಡಿನ ಇಬ್ಬರು ತರುಣರು, ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್, ಎಲೆಕ್ಟ್ರಾನಿಗೆ ತನ್ನದೇ ಆದ ಒಂದು ಭ್ರಮಣವುಂಟೆಂದು ಸೂಚಿಸಿದರು. ನ್ಯೂಕ್ಲಿಯಸ್ ಎನಿಸಿಕೊಳ್ಳುವ ಪರಮಾಣುಬೀಜಕ್ಕೂ ಅಂತಹ ಗುಣವಿರಬಹುದೆಂದು ಪೌಲಿ ಅದಕ್ಕೆ ಒಂದು ವರ್ಷ ಮೊದಲೇ ಊಹಿಸಿದ್ದರು. ಭ್ರಮಣವೆಂದೊಡನೆ ಬುಗುರಿ ನೆನಪಾಗುವುದು ಸಹಜವೇ. ಆದರೆ ಎಲೆಕ್ಟ್ರಾನು ನಿಜವಾಗಿಯೂ ಬುಗುರಿಯಂತೆ ತಿರುಗುವುದಾದರೆ ಅದರ ಹೊರಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ. ಆದುದರಿಂದ ಹೋಲಿಕೆಯನ್ನು ಹೋಲಿಕೆಯಾಗಿಯೇ ಇರಿಸಿಕೊಳ್ಳಬೇಕು. ತೂಕ, ವಿದ್ಯುದಂಶಗಳಂತೆ ಭ್ರಮಣವೂ ಕಣದೊಡನೆ ಹುಟ್ಟಿಬಂದ ಗುಣ. ಅದರ ಫಲವಾಗಿಯೇ ಪ್ರೋಟಾನು ಒಂದು ಅತಿಸೂಕ್ಷ್ಮ ಅಯಸ್ಕಾಂತದಂತೆ ವರ್ತಿಸುತ್ತದೆ.

ಈ ಅಯಸ್ಕಾಂತದ ಬಲವೆಷ್ಟು ಎಂಬ ಪ್ರಶ್ನೆ ಆಗಿನ ಭೌತವಿಜ್ಞಾನಿಗಳನ್ನು ಬಹುವಾಗಿ ಕಾಡಿತು. 1933ರಲ್ಲಿ ಹ್ಯಾಂಬರ್ಗಿನಲ್ಲಿ ಸ್ಟರ್ನ್ ಮತ್ತು ಅವರ ಸಂಗಡಿಗರು ಪ್ರೋಟಾನಿನ ಬಲವನ್ನು ಅಳೆದಾಗ ಅದು ಸಿದ್ಧಾಂತವು ಹೇಳಿದುದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿ ಕಂಡಿತು. ಇನ್ನೂ ನಿಖರವಾಗಿ ಅಳೆಯಬೇಕೆಂಬ ಹಂಬಲಕ್ಕೆ ಇಷ್ಟು ಸಾಕಾಯಿತು. 1938ರಲ್ಲಿ ರಾಬಿಯವರು ಅಣುಗಳ ಧಾರೆಯಲ್ಲಿ ಅನುರಣನವನ್ನು ಕಂಡರು. 1945ರ ಕೊನೆಗೆ ಹಾರ್ವರ್ಡಿನಲ್ಲಿ ಪರ್ಸೆಲ್ ಅವರ ತಂಡ ಮೇಣದಲ್ಲಿಯೂ, 1946ರ ಆರಂಭದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬ್ಲಾಕ್ ಅವರ ತಂಡ ನೀರಿನಲ್ಲಿಯೂ ಅದನ್ನು ಕಂಡವು. 10,000 ಗಾಸ್ ಕ್ಷೇತ್ರದಲ್ಲಿಟ್ಟ ಪ್ರೋಟಾನು ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಆವೃತ್ತಿಗಳ ರೇಡಿಯೋ ತರಂಗಕ್ಕೆ ಮಾತ್ರ ಓಗೊಡುತ್ತದೆ. ಕ್ಷೇತ್ರವೂ ಆವೃತ್ತಿಯೂ ತಿಳಿದರೆ ಬೀಜದ ಬಲ ತಾನಾಗಿ ತಿಳಿಯುತ್ತದೆಂಬುದು ಎಲ್ಲರ ನಂಬಿಕೆಯಾಗಿದ್ದಿತು.

ಆ ನಂಬಿಕೆಗೆ ಪೆಟ್ಟು ಬಿದ್ದುದು ಸ್ಟ್ಯಾನ್‌ಫರ್ಡಿನಲ್ಲಿಯೇ. ಸಾರಜನಕದ ಬೀಜವನ್ನು ಅಳೆಯಲು ಪ್ರಾಕ್ಟರ್ ಮತ್ತು ಯೂ ಎಂಬವರು ನೀರಿನಲ್ಲಿ ಚೆನ್ನಾಗಿ ಕರಗುವ ಅಮೋನಿಯಂ ನೈಟ್ರೇಟನ್ನು ಆರಿಸಿಕೊಂಡರು. ಒಂದು ರೇಖೆ ಕಾಣಬೇಕಾದಲ್ಲಿ ಎರಡು ಕಂಡವು! ಆ ಲವಣದಲ್ಲಿ ಸಾರಜನಕವು ಅಮೋನಿಯಂನಲ್ಲಿ ಒಂದು ಬಗೆಯಾಗಿಯೂ ನೈಟ್ರೇಟಿನಲ್ಲಿ ಇನ್ನೊಂದು ಬಗೆಯಾಗಿಯೂ ಇದೆ. ಬೀಜ ಒಂದೇ, ನೆರೆಹೊರೆ ಬೇರೆ. ಇದು 1950ರಲ್ಲಿ ಪ್ರಕಟವಾಯಿತು. ಅದೇ ವರ್ಷ ಫ್ಲೋರಿನ್ನಿನಲ್ಲಿಯೂ ಇದೇ ಬಗೆಯ ವ್ಯತ್ಯಾಸವನ್ನು ಡಿಕಿನ್‌ಸನ್ ವರದಿಮಾಡಿದರು.

ಭೌತವಿಜ್ಞಾನಿಗೆ ಇದು ಸಿಹಿಸುದ್ದಿಯಲ್ಲ. ಅವನಿಗೆ ಬೇಕಾಗಿದ್ದುದು ಬೀಜ. ನಡುವೆ ಬಂದುದು ಅದರ ಸುತ್ತಲಿನ ಎಲೆಕ್ಟ್ರಾನುಗಳ ಪರಿವಾರ. ಹೊರಗಿನ ಕ್ಷೇತ್ರವು ಎಲೆಕ್ಟ್ರಾನುಗಳಲ್ಲಿ ಒಂದು ಪ್ರವಾಹವನ್ನೆಬ್ಬಿಸುತ್ತದೆ. ಆ ಪ್ರವಾಹವು ಎದುರು ದಿಕ್ಕಿನ ಕಿರುಕ್ಷೇತ್ರವೊಂದನ್ನು ಹುಟ್ಟಿಸುತ್ತದೆ. ಆದಕಾರಣ ಬೀಜವನ್ನು ಮುಟ್ಟುವ ಕ್ಷೇತ್ರ ಹೊರಗಿನದಕ್ಕಿಂತ ಎಳ್ಳಷ್ಟು ಕಡಿಮೆ. ಒಂಟಿ ಪರಮಾಣುವಿನ ಈ ಮರೆಯನ್ನು ಲ್ಯಾಂಬ್ 1941ರಲ್ಲಿಯೇ ಗಣಿಸಿದ್ದರು. ಅಣುವಿನಲ್ಲಿ ಲೆಕ್ಕ ಅಷ್ಟು ಸರಳವಲ್ಲ. ಅಲ್ಲಿ ಎಲೆಕ್ಟ್ರಾನುಗಳ ಹಂಚಿಕೆ ದುಂಡಗಿರುವುದಿಲ್ಲವಾದುದರಿಂದ ಮರೆಯನ್ನು ತೆಳುವಾಗಿಸುವ ಎರಡನೆಯ ಪರಿಣಾಮವೂ ಸೇರಿಕೊಳ್ಳುತ್ತದೆಂದು ರ‍್ಯಾಮ್ಸೆ 1950ರಲ್ಲಿ ತೋರಿಸಿಕೊಟ್ಟರು.

ಹೀಗಿರಲು 1951ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಒಂದು ಚಿಕ್ಕ ಲೇಖನ ಹೊರಬಂದಿತು. ಬರೆದವರು ಆರ್ನಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್. ಅವರು ಪರೀಕ್ಷಿಸಿದುದರಲ್ಲಿ ಸಾಮಾನ್ಯವಾದ ಮದ್ಯಸಾರವೂ ಒಂದು. ಅದರ ಒಂದು ಅಣುವಿನಲ್ಲಿ ಜಲಜನಕದ ಪರಮಾಣುಗಳು ಆರು: ಮೂರು ಒಂದು ಇಂಗಾಲದ ಬಳಿ, ಎರಡು ಇನ್ನೊಂದರ ಬಳಿ, ಒಂದು ಆಮ್ಲಜನಕದ ಬಳಿ. ಯಂತ್ರವು ಬರೆದ ಗೆರೆಯಲ್ಲಿ ಮೂರು ಶಿಖರಗಳೆದ್ದವು. ಅವುಗಳ ವಿಸ್ತೀರ್ಣ 3, 2, 1ರ ಪ್ರಮಾಣದಲ್ಲಿದ್ದಿತು. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವುದರಿಂದ ಅದಕ್ಕೆ ಹತ್ತಿರವಾದ ಪ್ರೋಟಾನಿನ ಮರೆ ತೆಳು, ದೂರದವುಗಳದು ದಟ್ಟ. ಕೊನೆಯ ಎರಡು ಶಿಖರಗಳ ನಡುವಣ ಅಂತರ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಅಷ್ಟನ್ನು ಬಿಡಿಸಿ ತೋರಿಸುವಷ್ಟು ಸಮನಾದ ಕ್ಷೇತ್ರವನ್ನು ಆ ಕಾಲದಲ್ಲಿ ಸಾಧಿಸಿದುದು ಸಾಮಾನ್ಯ ಸಾಹಸವಲ್ಲ. ಅಣುವಿನ ರಚನೆಯನ್ನು ಅದನ್ನು ಒಡೆಯದೆಯೇ ಓದಬಹುದೆಂಬುದು ರಸಾಯನವಿಜ್ಞಾನಿಗಳಿಗೆ ಮನವರಿಕೆಯಾದುದು ಆ ಮೂರು ಶಿಖರಗಳಿಂದ.

ಮದ್ಯಸಾರದ ಆ ಚಿತ್ರವು ಪಠ್ಯಪುಸ್ತಕಗಳನ್ನು ಸೇರಿತು; ನಡುವಿನ ಹೆಸರು ಮಾತ್ರ ಹೆಚ್ಚು ಜನರ ನೆನಪಿನಲ್ಲುಳಿಯಲಿಲ್ಲ. ಎಸ್. ಎಸ್. ಧರ್ಮಟ್ಟಿಯವರು ತರುವಾಯ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು, ಅಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದರು. ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಲ್ಲಿ ಈ ಹೆಸರನ್ನು ಕೇಳದವರು ಅನೇಕರಿರುವುದು ವಿಷಾದದ ಸಂಗತಿ. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಬೀಜದ ಅನುರಣನವನ್ನು ಪರೀಕ್ಷಿಸಿ ಪ್ರಕಟಿಸಿದರೆಂಬುದನ್ನೂ ಇಲ್ಲಿಯೇ ಹೇಳಬೇಕು.

ಪರ್ಸೆಲ್ ಮತ್ತು ಬ್ಲಾಕ್ ಅವರಿಗೆ 1952ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂದಿತು. 1991 ಮತ್ತು 2002ರಲ್ಲಿ ಇದೇ ವಿದ್ಯೆಗೆ ಸಂದ ಬಹುಮಾನಗಳು ರಸಾಯನವಿಜ್ಞಾನದವು, 2003ರದು ವೈದ್ಯಕ್ಕೆ. ಇನ್ನು ಮೊದಲಿನ ಹಂಬಲದ ಮಾತು. ನೀರಿನಲ್ಲಿರುವ ಪ್ರೋಟಾನಿಗೆ ಕ್ಷೇತ್ರವು ಹತ್ತು ಲಕ್ಷದಲ್ಲಿ ಸುಮಾರು 25.7 ಭಾಗ ಕಡಿಮೆ ತಲುಪುತ್ತದೆ. ಆದುದರಿಂದ ಸ್ಥಿರಾಂಕಗಳ ಪಟ್ಟಿಯಲ್ಲಿ ಮರೆಯುಳ್ಳ ಪ್ರೋಟಾನಿಗೂ ಮರೆಯಿಲ್ಲದ ಪ್ರೋಟಾನಿಗೂ ಬೇರೆ ಬೇರೆ ಬೆಲೆಗಳನ್ನು ಕೊಟ್ಟಿರುತ್ತಾರೆ. ಸುತ್ತ ಒಂದೂ ಎಲೆಕ್ಟ್ರಾನಿಲ್ಲದ ಒಂಟಿ ಪ್ರೋಟಾನನ್ನು ನಿರ್ವಾತದ ಬೋನಿನಲ್ಲಿ ಹಿಡಿದಿಟ್ಟು, ಅದರ ಬಲವನ್ನು ನೂರು ಕೋಟಿಯಲ್ಲಿ ಮೂರು ನಾಲ್ಕು ಭಾಗದಷ್ಟು ನಿಖರವಾಗಿ ನೇರವಾಗಿಯೇ ಅಳೆದುದು 2014ರಲ್ಲಿ, ಜರ್ಮನಿಯ ಮೈನ್ಜ್ ನಗರದಲ್ಲಿ.